ಹಲ್ಲಿಲ್ಲದವರ ಬಿಸ್ಕಿಟ್

ಒಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲ ಸುಸೂತ್ರವಾಗಿ ಮುಗಿದುಹೋಗುತ್ತಿತ್ತು.

ಹೋದ ತಿಂಗಳು ಬೈಲಹೊಂಗಲದ ನಮ್ಮ ಓಣಿಯ ಬೇಕರಿಗೆ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಹೋಗಿದ್ದೆ. ಭಟ್ಟಿಯ ಮುಂದೆ ನಿಂತಿದ್ದ ದಸ್ತಗೀರ ಭಾಯಿ ಮುಚ್ಚಳ ತೆಗೆದು ಮೂಸಿ ನೋಡಿದರು.

"ಇದೇನ್ರಿ ಅಕ್ಕಾರ, ಸಕ್ರಿ ಇಲ್ಲ, ತುಪ್ಪ ಇಲ್ಲ. ಬರೇ ಬಾಳಿಹಣ್ಣಿನ ವಾಸನಿ ಬರಾಕ ಹತ್ತೇತಿ. ಮನ್ಯಾಗ ಯಾರಿಗರೆ ಶುಗರ್ ಐತೇನ್ರಿ?"

ಹೌದು ಎಂದಿದ್ದರೆ ಸಾಕಿತ್ತು. ಪಾಪ, ಆ ಮನುಷ್ಯ ಮರುಮಾತಿಲ್ಲದೆ ತಟ್ಟೆಗೆ ಹಾಕಿ ಒಳಗೆ ತಳ್ಳುತ್ತಿದ್ದರು. ಆದರೆ ನನ್ನ ನಾಲಿಗೆಗೆ ಆ ಬುದ್ಧಿ ಎಲ್ಲಿಂದ ಬರಬೇಕು?

"ನಮ್ಮ ಮೋತಿಗ್ರಿ" ಎಂದೆ.

"ಮೋತಿ ಯಾರ್ರಿ?"

"ನಮ್ಮ ನಾಯಿ."

ಅಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರುವುದೇ. ಹಬ್ಬವೋ, ಸೂಟಿಯೋ, ಬೀಗರ ಮನೆಗೆ ಏನಾದರೂ ಕಳಿಸುವುದೋ ಇದ್ದರೆ ಮೈದಾ, ಸಕ್ಕರೆ, ಡಾಲ್ಡಾ ಎಲ್ಲ ಮನೆಯಿಂದಲೇ ಒಯ್ದು ಭಟ್ಟಿಯಲ್ಲಿ ಬಿಸ್ಕಿಟ್ ಮಾಡಿಸಿಕೊಂಡು ಬರುತ್ತೇವೆ. ಬೇಯುವವರೆಗೂ ಅಲ್ಲಿಯೇ ಕುಳಿತಿರುತ್ತೇವೆ. (ಡಾಲ್ಡಾ ಎಲ್ಲಿ ಕಡಿಮೆ ಹಾಕುತ್ತಾರೋ ಎಂಬ ಕಾವಲು ಬೇರೆ!) ಅಂಥ ಜಾಗಕ್ಕೆ ನಾಯಿಯ ಡಬ್ಬಿ ಹೋದದ್ದು ಬಹುಶಃ ಅದೇ ಮೊದಲು.

ಮೋತಿಯ ವಿಷಯ ಸ್ವಲ್ಪ ಹೇಳಬೇಕು. ವರ್ಷಗಳ ಹಿಂದೆ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೀರೆಯ ನೆರಿಗೆ ಕಚ್ಚಿ ಹಿಡಿದ ಮರಿ ಅದು. ಬಿಡಿಸಿದರೆ ಬಿಡಲಿಲ್ಲ. ಹಾಗೆಯೇ ನಮ್ಮ ಮನೆಗೆ ಬಂತು. ಆಮೇಲೆ ಅದು ಹರಿಯದ ಚಪ್ಪಲಿ ಇಲ್ಲ, ಕಡಿಯದ ಕುರ್ಚಿಯ ಕಾಲಿಲ್ಲ. ಅಷ್ಟು ಗಟ್ಟಿ ಹಲ್ಲು. ಈಗ ಅದರ ಬಾಯಲ್ಲಿ ಒಂದೂ ಉಳಿದಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಟ್ಟರೂ ಮುಖ ತಿರುಗಿಸುತ್ತಿತ್ತು. ದಿನದಿಂದ ದಿನಕ್ಕೆ ಪಕ್ಕೆಲುಬುಗಳು ಎದ್ದು ಕಾಣತೊಡಗಿದವು.

ದನದ ಡಾಕ್ಟರು ಬಂದು ನೋಡಿದರು. "ಮುಪ್ಪು ಬಂದೇತ್ರಿ. ಔಷಧ ಹಾಕಿ ಯಾಕ ತ್ರಾಸ ಕೊಡತೀರಿ? ಬಾಯಿಗೆ ಹಿತ ಆಗೂದನ್ನ ಕೊಡ್ರಿ. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಬ್ಯಾಡ, ನಾಯಿಗೆ ಅದು ವಿಷ" ಎಂದು ಹೇಳಿ ಹೋದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಇಷ್ಟು ವರ್ಷ ನಮ್ಮ ಮನೆ ಕಾದ ಜೀವ ಹಸಿದ ಹೊಟ್ಟೆಯಲ್ಲಿ ಹೋಗಬೇಕೇ?

ಒಂದು ಮಧ್ಯಾಹ್ನ ನನ್ನ ಕೈಯಿಂದ ಜಾರಿ ಬಿದ್ದ ಕಳಿತ ಬಾಳೆಹಣ್ಣನ್ನು ಮೋತಿ ನೆಕ್ಕಿ ನೆಕ್ಕಿ ತಿಂದಿತು. ಅಷ್ಟೇ ಸಾಕಾಯಿತು ನನಗೆ. ಬಾಳೆಹಣ್ಣು ಕಿವುಚಿದೆ. ಬೀಜ ತೆಗೆದ ಸೇಬು ತುರಿದೆ. ಒಂದಿಷ್ಟು ಪಪ್ಪಾಯಿ, ಜೋಳದ ಹಿಟ್ಟು ಸೇರಿಸಿದೆ. ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಉಪ್ಪು ಹರಡಿ ಮಾಡಿ ಎಂದು ಯೂಟ್ಯೂಬಿನ ತಾಯಿಯೊಬ್ಬಳು ಹೇಳಿದಳು. ಮೊದಲ ಸಲ ತಳ ಸುಟ್ಟಿತು. ಎರಡನೆಯ ಸಲ ಒಳಗೆ ಹಸಿ. ಆಗ ಹೊಳೆದದ್ದು ದಸ್ತಗೀರ ಭಾಯಿಯ ಭಟ್ಟಿ.

ಅಲ್ಲಿ ನನಗಿಂತ ಮೊದಲು ಬಂದಿದ್ದವರು ಮುರಗೋಡದ ಶಾಂತವ್ವ. ಪರಿಚಯವೇನೂ ಇರಲಿಲ್ಲ, ಹೆಸರು ಅಲ್ಲಿಯೇ ತಿಳಿದದ್ದು. ನನ್ನ ಮಾತು ಕೇಳಿದ್ದೇ ತಮ್ಮ ಡಬ್ಬಿಗಳನ್ನು ಸರ್ರನೆ ಹತ್ತಿರಕ್ಕೆ ಎಳೆದುಕೊಂಡರು.

"ಭಾಯಿ, ನಾಯಿದು ಬೆಂದ ಭಟ್ಟ್ಯಾಗ ನಮ್ಮದು ಹಾಕಬ್ಯಾಡ್ರಿ. ಇದು ನನ್ನ ಬಸರಿ ಮಗಳ ಕುಬಸಕ್ಕ ಮಾಡಸಾಕ ಹತ್ತೇನಿ. ಮನುಷ್ಯಾರಿಗೆ ಮಾಡೂ ಮಂದೀನ ಇಲ್ಲ, ನಾಯಿಗೆ ಬಿಸ್ಕೀಟ ಮಾಡಸಾಕ ಬಂದಾರ!"

ನನಗೆ ರೇಗಿತು. "ಬೆಂಕಿಗೆ ಎಲ್ಲೀ ಮೈಲಿಗೀರಿ? ಎಲ್ಲಾರನ್ನೂ ಶುದ್ಧ ಮಾಡೂದ ಅದು" ಎಂದೆ. (ಸಿಟ್ಟು ಬಂದಾಗ ಮಾತ್ರ ನನಗೆ ವೇದಾಂತ ನೆನಪಾಗುತ್ತದೆ.)

ದಸ್ತಗೀರ ಭಾಯಿಯ ಪರಿಸ್ಥಿತಿ ನೋಡಬೇಕಿತ್ತು. ಎರಡೂ ಕಡೆ ಗಿರಾಕಿ. ನಾಳೆ 'ಅಲ್ಲಿ ನಾಯಿದು ಬೇಯಿಸ್ತಾರಂತ' ಎಂದು ಊರೆಲ್ಲ ಸುದ್ದಿಯಾದರೆ ಅವರ ಹೊಟ್ಟೆಯ ಗತಿ ಏನು? ನನ್ನ ಮೋತಿಯ ಹಸಿವು ನನಗೆ ದೊಡ್ಡದು, ಅವರ ಮಕ್ಕಳ ಹಸಿವು ಅವರಿಗೆ. ಕೊನೆಗೆ ಅವರೇ ಕೈ ಮುಗಿದು ದಾರಿ ಹೇಳಿದರು.

"ಅಕ್ಕಾರ, ನಿಮ್ಮ ಮನಿ ತಟ್ಟಿ ತರ್ರಿ. ಎಲ್ಲಾರದೂ ಮುಗದ ಮ್ಯಾಲೆ ಕಡೀಕ ಹಾಕತೇನಿ. ಹಣ್ಣಿಂದಕ್ಕ ಸಣ್ಣ ಕಾವು ಇದ್ರ ಚಲೋನ."

ಬೇರೆ ತಟ್ಟೆ, ಕೊನೆಯ ಪಾಳಿ. ಒಪ್ಪಿದೆ. ಮನೆಗೆ ಹೋಗಿ ಒಂದು ಹಳೆಯ ಪರಾತ ತಂದು ಬಾಗಿಲ ಹತ್ತಿರ ಕುಳಿತೆ. ಶಾಂತವ್ವ ಆ ತುದಿಗೆ, ನಾನು ಈ ತುದಿಗೆ. ಅವರ ಬಿಸ್ಕಿಟುಗಳು ಒಂದೊಂದೇ ತಟ್ಟೆ ಹೊರಗೆ ಬರುತ್ತಿದ್ದವು. ಏಲಕ್ಕಿಯ ಪರಿಮಳ ಓಣಿಯ ತುಂಬ. ಅವರು ಮಾತ್ರ ಒಂದನ್ನೂ ಮುರಿದು ರುಚಿ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

"ಏನೂ ತಿನ್ನಂಗಿಲ್ಲೇನ್ರಿ ಅದು?"

"ಹಲ್ಲಿಲ್ಲರಿ. ಮೆತ್ತಗಿದ್ರ ಒಂದೀಟು ತಿಂತೈತಿ."

ಶಾಂತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ತಾವಾಗಿಯೇ ಮಾತು ತೆಗೆದರು.

"ನಮ್ಮವ್ವ ಮುನವಳ್ಳ್ಯಾಗ ಅಣ್ಣನ ಮನ್ಯಾಗ ಇದ್ಲರಿ. ಹಾಸಿಗಿ ಹಿಡದಿದ್ಲು. ನಾ ಹ್ವಾದಾಗೊಮ್ಮೆ ಇದ ಭಟ್ಟ್ಯಾಗ ಮಾಡಿಸಿ ಡಬ್ಬಿ ತುಂಬ ಬಿಸ್ಕೀಟ ಒಯ್ತಿದ್ನಿ. ತುಪ್ಪ ಹಾಕಿಸಿ, ಯಾಲಕ್ಕಿ ಹಾಕಿಸಿ. ನನ್ನ ಮಗಳು ಡಬ್ಬಿ ತಂದಾಳ ನೋಡ್ರಿ ಅಂತ ಓಣಿ ಮಂದೀಗೆಲ್ಲಾ ಹೇಳತಿದ್ಲು. ಆಕಿ ಹ್ವಾದ ಮ್ಯಾಲೆ ಆಕಿ ತಲಿದಿಂಬಿನ ಕಡೆ ಡಬ್ಬಿ ತಗದ ನೋಡತೇನಿ, ಎಲ್ಲಾ ಹಂಗ ಅದಾವ. ಒಂದಕ್ಕೂ ಕೈ ಹಚ್ಚಿಲ್ಲ. ಆಕೀಗೆ ಹಲ್ಲ ಎಲ್ಲಿದ್ದೂರಿ? ಒಂದ ಬಾಳಿಹಣ್ಣ ಕಿವುಚಿ ಬಾಯಿಗೆ ಇಡಬೇಕಂತ ನನಗ ಹೊಳೀಲೇ ಇಲ್ಲ. ಆಕೀನೂ ಬಾಯಿಬಿಟ್ಟು ಹೇಳಲಿಲ್ಲ."

'ನಾಯಿಗೆ ಬಿಸ್ಕಿಟ್ ಮಾಡಿಸಲು ಬಂದಿದ್ದಾರೆ' ಎಂಬ ಮಾತಿನಲ್ಲಿ ಮೈಲಿಗೆಯನ್ನಷ್ಟೇ ಕೇಳಿಸಿಕೊಂಡು ಜಗಳಕ್ಕೆ ನಿಂತವಳು ನಾನು. ಅದರೊಳಗೆ ಒಬ್ಬ ತಾಯಿ ಇದ್ದಾಳೆಂದು ಯಾರಿಗೆ ಗೊತ್ತಿತ್ತು?

ನನ್ನ ಪಾಳಿ ಬಂತು. ಹಿಟ್ಟನ್ನು ಉಂಡೆ ಮಾಡಿ ಪರಾತಕ್ಕೆ ತಟ್ಟತೊಡಗಿದೆ. ಶಾಂತವ್ವನ ಡಬ್ಬಿಗಳೆಲ್ಲ ತುಂಬಿದ್ದವು. ಅವರು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು.

"ಸರೀರಿ ಅತ್ತಾಗ. ಹಿಟ್ಟು ಹಿಂಗ ಗಟ್ಟಿ ಇದ್ರ ಹಲ್ಲಿಲ್ಲದವರು ಹ್ಯಾಂಗ ತಿನಬೇಕ್ರಿ?"

ಹಲ್ಲಿಲ್ಲದವರು ಎಂದರು. ಮೋತಿಗೆ ಅಷ್ಟು ಮರ್ಯಾದೆ ಕೊಟ್ಟು ಯಾರೂ ಮಾತಾಡಿರಲಿಲ್ಲ. ಪರಾತದ ಜೊತೆಗೆ ನಾನು ಮನೆಯಿಂದ ತಂದಿದ್ದ ಇನ್ನೊಂದು ಬಾಳೆಹಣ್ಣನ್ನೂ ಹಿಟ್ಟಿಗೆ ಕಿವುಚಿ ಹಾಕಿದರು. ಪುಟ್ಟ ಪುಟ್ಟ ಬಿಲ್ಲೆ ತಟ್ಟಿದರು. ಕುಬಸದ ಬಿಸ್ಕಿಟಿಗೆ ಮೈಲಿಗೆ ಆದೀತೆಂದು ಅಂಜಿದ್ದ ಕೈ ನಾಯಿಯ ಹಿಟ್ಟಿನಲ್ಲಿ ಮಣಿಕಟ್ಟಿನವರೆಗೂ ಮುಳುಗಿತ್ತು. ದಸ್ತಗೀರ ಭಾಯಿ ಪರಾತವನ್ನು ಒಳಗೆ ತಳ್ಳಿ, ಏನೂ ನೋಡದವರಂತೆ ಬೆನ್ನು ತಿರುಗಿಸಿ ನಿಂತರು.

ಮೋತಿ ತಿಂದಿತು. ಅಂಗೈಯಲ್ಲಿ ಇಟ್ಟರೆ ತುಟಿಯಿಂದಲೇ ಎತ್ತಿಕೊಂಡು, ಕಣ್ಣು ಮುಚ್ಚಿ, ವಸಡಿನಲ್ಲಿ ನುರಿಸಿ ನುರಿಸಿ. ಬಾಲವನ್ನು ನೆಲಕ್ಕೆ ಬಡಿದು ತೋರಿಸಿತು ಕೂಡ. ಕೆಲವು ದಿನ ಹೀಗೆಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಕರೆದರೆ ಏಳಲಿಲ್ಲ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿದೆವು. ಅಳು ಬಂತು. ಆದರೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆನಲ್ಲ, ಆ ಅಳು ಅಲ್ಲ.

ಮಗಳ ಕುಬಸ ಮುಗಿಸಿಕೊಂಡು ಶಾಂತವ್ವ ಬಂದಿದ್ದರು. ದಸ್ತಗೀರ ಭಾಯಿಯನ್ನು ಕೇಳಿ ಮನೆ ಹುಡುಕಿಕೊಂಡು ಬಂದರಂತೆ. ಕೈಯಲ್ಲಿ ಕುಬಸದ ಉಂಡಿ. ಹೊಸ್ತಿಲು ದಾಟುವ ಮೊದಲೇ ಕೇಳಿದರು.

"ಮೋತಿ ತಿಂತೇನ್ರಿ?"

"ತಿಂತರಿ. ಅರ್ಧ ಡಬ್ಬಿ ತಿಂದು ಹೋತು."

"ಅರ್ಧ ಡಬ್ಬಿ ತಿಂತಲ್ಲ" ಎಂದು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕಣ್ಣೊರೆಸಿಕೊಂಡರು. ಅದು ಮೋತಿಗಾಗಿ ಅಲ್ಲ ಎಂದು ನನಗೂ ಗೊತ್ತಿತ್ತು. ಉಳಿದದ್ದು ಎಲ್ಲಿದೆ ಎಂದು ಕೇಳಿದರು. ಡಬ್ಬಿ ತಂದುಕೊಟ್ಟೆ. ಒಂದು ಬಿಲ್ಲೆ ತೆಗೆದು, ಮುರಿದು, ನಾನು ಬೇಡವೆನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡರು. ಹಲ್ಲಿನಿಂದ ಅಗಿಯಲಿಲ್ಲ. ನಾಲಿಗೆಯಿಂದ ಒತ್ತಿ ಒತ್ತಿ ಕರಗಿಸಿದರು.

"ಮೆತ್ತಗ ಅದಾವ್ರಿ" ಎಂದರು. "ನಮ್ಮವ್ವ ತಿಂತಿದ್ಲು."

ಬೇನೆ ಬಿದ್ದವರನ್ನು ನೋಡಿ ಬರಲು ಡಬ್ಬಿ ಹಿಡಿದು ಹೊರಟಿದ್ದೀರಲ್ಲ, ಒಳಗೆ ಇರುವುದನ್ನು ಅವರು ಅಗಿಯಬಲ್ಲರೇ?