ಅನಿಮೋನಿ ಬಂದ ಶನಿವಾರ

ರೇನರ್ಸ್ ಲೇನಿನ ಮನೆಗೆ ನಾನು ಹೊಸ ಹೆಂಡತಿಯಾಗಿ ಬಂದಾಗ ಮುಂದಿನ ಕೋಣೆಯ ಅರ್ಧ ಗೋಡೆಯನ್ನು ಮೊದಲನೆಯ ಹೆಂಡತಿಯ ಮೀನಿನ ತೊಟ್ಟಿ ಹಿಡಿದುಕೊಂಡಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ವರ ವಿಚ್ಛೇದನ ಪಡೆದವನು, ಮಕ್ಕಳಿಲ್ಲ, ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕಡೆ ಮೇಲ್ವಿಚಾರಕ ಎಂದೆಲ್ಲ ಧಾರವಾಡದ ನಮ್ಮ ಮನೆಯಲ್ಲಿ ಹೇಳಿದ್ದರು. ತೊಟ್ಟಿಯ ಸುದ್ದಿ ಯಾರೂ ಎತ್ತಿರಲಿಲ್ಲ.

ಅದು ಉಪ್ಪುನೀರಿನ ತೊಟ್ಟಿ. ಒಳಗೆ ಬಂಡೆಯಂಥ ಕಲ್ಲುಗಳು, ಅವುಗಳ ಮೇಲೆ ಜೀವಂತ ಹವಳಗಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಪಂಪಿನ ಗುಂಯ್ ಸದ್ದು ಹಗಲು ರಾತ್ರಿ ನಿಲ್ಲುತ್ತಿರಲಿಲ್ಲ. ಗೋಡೆಯ ಬಣ್ಣದ ಮೇಲೆ ಉಪ್ಪು ಕೂತು ಹಪ್ಪಳದ ಹಾಗೆ ಏಳುತ್ತಿತ್ತು. ನನಗೆ ಅದರ ನೀಲಿ ಬೆಳಕು ಕಂಡರೆ ಆಗುತ್ತಿರಲಿಲ್ಲ.

ತೊಟ್ಟಿಯ ಒಡತಿ, ಆ ಮೊದಲನೆಯ ಹೆಂಡತಿ, ವೆಂಬ್ಲಿಯಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದಳು. ಅಷ್ಟು ನೀರಿನ ಭಾರವನ್ನು ಮೇಲೆ ಇಡಲು ಮನೆಯ ಮಾಲೀಕ ಒಪ್ಪಿರಲಿಲ್ಲವಂತೆ. ಹಾಗಾಗಿ ಪ್ರತಿ ಶನಿವಾರ ತನ್ನದೇ ಕೀಲಿಕೈಯಿಂದ ನಮ್ಮ ಮನೆಯ ಬಾಗಿಲು ತೆರೆದು ಒಳಗೆ ಬರುತ್ತಿದ್ದಳು. ಇದು ವಿಚ್ಛೇದನದ ಹೊತ್ತಿಗೆ ಕೋರ್ಟಿನಲ್ಲಿ ಬರೆದುಕೊಟ್ಟದ್ದು, ಬೇರೆ ಜಾಗ ಸಿಗುವವರೆಗೆ ತಡೆಯುವ ಹಾಗಿಲ್ಲ ಎಂದು ಗಂಡ ಹೇಳಿದ್ದ. ಈ ದೇಶದ ಕಾನೂನು, ಜಿಪಿ ಡಾಕ್ಟರು, ಊರಾಡಳಿತದ ಕೌನ್ಸಿಲ್ಲು, ಟ್ಯೂಬು ರೈಲು ಎಲ್ಲದರ ಬಗ್ಗೆಯೂ ಆಗ ಅವನು ಹೇಳಿದ್ದೇ ನನಗೆ ತಿಳಿವಳಿಕೆ.

ಮೊದಲ ಸಲ ಬಂದಾಗ ಮರ್ಯಾದೆಗೆಂದು "ಬರ್ರಿ ಅಕ್ಕಾರ" ಎಂದೆ.

"ನನಗ ಅಕ್ಕಾ ಅನಬ್ಯಾಡ," ಎಂದಳು ಆಕೆ. "ನಾ ನಿನ್ನ ಅಕ್ಕ ಅಲ್ಲ."

ಅಂದಿನಿಂದ ನಾನು ಆಕೆಯನ್ನು ಏನೆಂದೂ ಕರೆಯಲಿಲ್ಲ. ವಿಜಯಪುರದ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಅದನ್ನು ನುಂಗಿಕೊಳ್ಳಬಹುದಿತ್ತು. ನನ್ನ ಗಂಡನನ್ನು ನನ್ನೆದುರಿಗೇ 'ಅಂವ' ಎನ್ನುತ್ತಿದ್ದದ್ದು ಮಾತ್ರ ಮೈಯೆಲ್ಲ ಉರಿಸುತ್ತಿತ್ತು. ಮೆಟ್ಟಿಲ ಬದಿಯಲ್ಲಿದ್ದ ನನ್ನ ಚಪ್ಪಲಿಗಳನ್ನು ಕಾಲಿನಿಂದ ಸರಿಸಿ ಅಲ್ಲೇ ತನ್ನವನ್ನು ಬಿಡುತ್ತಿದ್ದಳು. ಅಡುಗೆಮನೆಗೆ ಬಂದರೆ ಯಾವ ಕಪಾಟಿನಲ್ಲಿ ಏನಿದೆಯೆಂದು ನೋಡದೆಯೇ ಕೈ ಹಾಕುತ್ತಿದ್ದಳು. ನಾನು ಕಪಾಟುಗಳನ್ನೆಲ್ಲ ಅದಲುಬದಲು ಮಾಡಿದೆ. ಆಕೆ ಬರುವ ಹೊತ್ತಿಗೆ ಸರಿಯಾಗಿ ಮಸಾಲೆ ಖಾರಕ್ಕೆ ಮೆಣಸಿನಕಾಯಿ ಹುರಿಯಲು ನಿಲ್ಲುತ್ತಿದ್ದೆ. ಆಕೆ ಕೆಮ್ಮುತ್ತ, ಘಾಟಿಗೆ ನೀರು ಕೆಡುತ್ತದೆ ಎನ್ನುತ್ತ, ಜನವರಿಯ ಚಳಿಯಲ್ಲಿ ಇದ್ದಬದ್ದ ಕಿಟಕಿಗಳನ್ನೆಲ್ಲ ತೆರೆದು ಹೋಗುತ್ತಿದ್ದಳು. ಎರಡು ಚಳಿಗಾಲ ಹೀಗೇ ಕಳೆದವು. ಶನಿವಾರಗಳಲ್ಲಿ ಗಂಡನಿಗೆ ಯಾವಾಗಲೂ ಕೆಲಸವಿರುತ್ತಿತ್ತು.

ಒಂದು ಶನಿವಾರ ಆಕೆ ಅಂಗಡಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ಬಂದಳು. ಚೀಲದ ನೀರಿನಲ್ಲಿ ಕಂದುಬಣ್ಣದ ಮುದ್ದೆಯೊಂದು ಮುದುಡಿ ಬಿದ್ದಿತ್ತು. ಸಮುದ್ರದಲ್ಲಿ ಹೂವಿನ ಹಾಗೆ ಅರಳಿ ಕೂರುವ ಪ್ರಾಣಿಯಂತೆ, ಹೆಸರು ಅನಿಮೋನಿ. ಕಿತ್ತಳೆ ಮೀನುಗಳು ಅದರ ಎಸಳುಗಳ ನಡುವೆಯೇ ಮನೆ ಮಾಡುತ್ತವಂತೆ. ಇದನ್ನೆಲ್ಲ ಆಕೆ ನನಗೆ ಹೇಳಲಿಲ್ಲ, ಮೀನುಗಳಿಗೆ ಹೇಳಿದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಚೀಲವನ್ನು ಹಾಗೆಯೇ ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಿಬಿಟ್ಟಳು, ಎರಡೂ ನೀರಿನ ಬಿಸಿ ಒಂದಾಗಲೆಂದು. ಆಮೇಲೆ ಚೀಲದಲ್ಲಿದ್ದದ್ದನ್ನು ನೀರಿನ ಸಮೇತ ಬಕೆಟ್ಟಿಗೆ ಸುರಿದು, ತೊಟ್ಟಿಯಿಂದ ಸಣ್ಣ ಕೊಳವೆ ಎಳೆದು, ಕೊಳವೆಗೆ ಗಂಟು ಹಾಕಿ, ತೊಟ್ಟಿಯ ನೀರು ಹನಿಹನಿಯಾಗಿ ಬೀಳುವಂತೆ ಮಾಡಿದಳು. ನೀರು ಒಮ್ಮೆಲೇ ಬದಲಾದರೆ ಅದು ಸಾಯುತ್ತದೆ. ನೆಲದ ಮೇಲೆ ಕೂತು ಆ ಹನಿಗಳನ್ನೇ ನೋಡುತ್ತಿದ್ದಾಗ ಆಕೆಯ ಮೊಬೈಲು ಬಡಿದುಕೊಂಡಿತು. ವಾರ್ಡಿನಲ್ಲಿ ಯಾರೋ ಬಂದಿರಲಿಲ್ಲ, ಕೂಡಲೇ ಬರಬೇಕಂತೆ. ಆಕೆ ಫೋನಿನಲ್ಲಿ ವಾದಿಸಿ ಸೋತಳು. ಬಕೆಟ್ಟನ್ನೂ ನನ್ನನ್ನೂ ಒಮ್ಮೆ ನೋಡಿದಳು. ಆ ಮುಖ ನೋಡಿ ನನಗೆ ಖುಷಿಯಾಯಿತು.

ಮಾಡಬೇಕಾದ್ದನ್ನು ಆಕೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಬಕೆಟ್ಟು ಅರ್ಧ ತುಂಬಿದ ಮೇಲೆ ಕೈಗೆ ಗ್ಲೌಸು ಹಾಕಿಕೊಂಡು ಅನಿಮೋನಿಯನ್ನು ಎತ್ತಿ ತೊಟ್ಟಿಯ ಕಲ್ಲಿನ ಸಂದಿಯಲ್ಲಿ ಇಡಬೇಕು. ಅದಕ್ಕೆ ಮೊದಲು ದೊಡ್ಡ ಪಂಪು ಆರಿಸಬೇಕು, ಗಾಳಿ ಬಿಡುವ ಸಣ್ಣದು ಮಾತ್ರ ನಡೆಯಬೇಕು. ಅದರ ಪಾದ ಕಲ್ಲನ್ನು ಹಿಡಿಯುವ ತನಕ ದೊಡ್ಡದನ್ನು ಹಚ್ಚಬಾರದು. ನಾನು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತೆ.

"ಹಂಗ್ಯಾಕ ನಿಂತಿ? ಹೆಂಗೂ ನೀನ ಕೈಮುಗದು ಕರಸ್ಕೊಂಡಾಕಿ. ಒಂದು ದಿನಾ ನೋಡ್ಕೊಂಡ್ರ ನಿನ್ನ ಗಂಟೇನು ಹೋಗತೈತಿ?"

"ನಾನ? ನಾ ಯಾವಾಗ ಕರಸ್ಕೊಂಡೆ?"

"ಈ ತೊಟ್ಟಿ ನನ್ನ ಕೈಲೆ ಆಗಂಗಿಲ್ಲ, ವಾರಕ್ಕೊಮ್ಮೆ ಬರಾಕ ಹೇಳ್ರಿ ಅಂತ ನೀ ಅತ್ತಿಯಂತ. ಅಂವ ಹೇಳ್ಯಾನ. ಇಲ್ಲಂದ್ರ ಈ ಮನೀ ಹೊಸ್ತಲಾ ತುಳಿಯೂ ಹೌಸು ನನಗಿಲ್ಲ. ಆಗ ಎಲ್ಲಾ ಮಾರಿ ಬಿಡ್ತಿದ್ದೆ."

"ನೀವು ಬರೂದು ಕೋರ್ಟಿನ್ಯಾಗ ಬರದೈತಿ ಅಂತ ನನಗ ಹೇಳ್ಯಾರ," ಎಂದೆ.

ಆಕೆ ಕೋಟಿನ ತೋಳಿಗೆ ಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಒಬ್ಬರ ಮೇಲೊಬ್ಬರಿಗೆ ಪ್ರೀತಿಯೇನೂ ಉಕ್ಕಲಿಲ್ಲ. ಎರಡು ಚಳಿಗಾಲ ವೃಥಾ ಇವಳ ಕೆಮ್ಮು ಕೇಳಿದೆನಲ್ಲ ಎಂದು ನಾನೂ, ಇವಳ ಘಾಟು ಕುಡಿದೆನಲ್ಲ ಎಂದು ಆಕೆಯೂ ಯೋಚಿಸುತ್ತಿದ್ದೆವೇನೋ. "ದೊಡ್ಡ ಪಂಪು ಹಚ್ಚಬ್ಯಾಡ," ಎಂದಷ್ಟೇ ಹೇಳಿ ಆಕೆ ಸ್ಟೇಷನ್ನಿಗೆ ನಡೆದಳು.

ಆ ಪ್ರಾಣಿಯನ್ನು ಬಕೆಟ್ಟಿನಲ್ಲೇ ಬಿಟ್ಟುಬಿಡಬಹುದಿತ್ತು. ಆ ಯೋಚನೆ ಬಂದದ್ದೂ ನಿಜ. ಆದರೆ ಆ ಹೊತ್ತಿಗೆ ನನ್ನ ಸಿಟ್ಟು ದಿಕ್ಕು ಬದಲಿಸಿತ್ತು. ಬಕೆಟ್ಟು ಅರ್ಧ ತುಂಬಿತು. ಪಂಪು ಆರಿಸಿ, ಗ್ಲೌಸು ಹಾಕಿಕೊಂಡು ಅದನ್ನು ಎತ್ತಿದೆ. ಕೈಯಲ್ಲಿ ಹಸಿ ಕರುಳಿನ ಹಾಗಿತ್ತು, ಅಸಹ್ಯವಾಯಿತು. ಕಲ್ಲಿನ ಸಂದಿಯಲ್ಲಿಟ್ಟೆ. ಜಾರಿ ಬಿತ್ತು. ಮತ್ತೆ ಇಟ್ಟೆ. ಸಂಜೆಯಾಗುವಷ್ಟರಲ್ಲಿ ಅಲ್ಲಿ ಕೂತಂತೆ ಕಂಡಿತು, ಆದರೆ ಪೂರ್ತಿ ಹಿಡಿದಿರಲಿಲ್ಲ.

ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಗಂಡ ಬಂದ. ಸ್ವಲ್ಪ ಹೊತ್ತಿಗೆ ಪಂಪಿನ ಗುಂಯ್ ಸದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿದೆ. ನೀರು ನಿಂತದ್ದನ್ನು ನೋಡಿ ಅವನು ಸ್ವಿಚ್ಚು ಹಾಕಿದ್ದ. ಅನಿಮೋನಿ ಕಲ್ಲು ಬಿಟ್ಟು ತೇಲಿಹೋಗಿ ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಕೆಲವು ಎಸಳು ಒಳಗೆ ಸಿಕ್ಕಿಕೊಂಡಿದ್ದವು. ಸ್ವಿಚ್ಚು ಆರಿಸಿದೆ. ಅವನು ಅಂಗಿಯ ತೋಳು ಮೇಲೇರಿಸಿ ಅದನ್ನು ಕಿತ್ತು ತೆಗೆಯಲು ಹೋದ. ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ.

"ಆಕಿ ಸಾಮಾನಿನ ಸಲುವಾಗಿ ನನ್ನ ಕೂಡ ಜಗಳಾ ತಗೀತೀಯೇನು?" ಎಂದ.

ನಾನು ಅವನ ಕೈ ಬಿಡಲಿಲ್ಲ. ಪಂಪಿನ ಸೆಳೆತ ನಿಂತ ಮೇಲೆ ಅನಿಮೋನಿ ನಿಧಾನವಾಗಿ ತಾನಾಗಿಯೇ ಬಿಟ್ಟುಕೊಂಡಿತು. ಕೈ ತೊಳೆದು ಬಂದು, ಮತ್ತೆ ಗ್ಲೌಸು ತೊಟ್ಟು, ಬೊಗಸೆಯಲ್ಲಿ ಹಿಡಿದು ಅದನ್ನು ಸಂದಿಗೆ ಒತ್ತಿ ನಿಂತೆ. ಗ್ಲೌಸಿನ ಮೇಲ್ಗಡೆ ಮೊಣಕೈಯ ಹತ್ತಿರ ಎಸಳೊಂದು ತಾಗಿ ತುರಚಿಸೊಪ್ಪು ತಗಲಿದ ಹಾಗೆ ಉರಿಯತೊಡಗಿತು. ತೋಳು ಸೋತುಹೋಗುವ ಹೊತ್ತಿಗೆ ಅದು ಕಲ್ಲನ್ನು ಹಿಡಿಯಿತು. ಹಿಡಿದದ್ದು ಕೈಗೆ ಗೊತ್ತಾಯಿತು.

ಆಗ, ಕೈ ಒರೆಸಿಕೊಳ್ಳುತ್ತ, ಕೋರ್ಟಿನ ಕಾಗದ ತೋರಿಸಿ ಎಂದೆ.

ಅವನು ಸೋಫಾದ ಮೇಲೆ ಕೂತ. ಸುಳ್ಳನ್ನು ಮುಚ್ಚಲು ಹೋಗಲಿಲ್ಲ, ಅಷ್ಟು ದಣಿದಿದ್ದ. ನಿಜ ಹೇಳಿದ್ದರೆ ಆಕೆ ತೊಟ್ಟಿಯನ್ನು ಮಾರಿಬಿಡುತ್ತಿದ್ದಳು ಎಂದ. ಕೆಲಸದಿಂದ ಬಂದ ಮೇಲೆ ಮೀನು ನೋಡುತ್ತ ಕೂತರೆ ಅವನಿಗೆ ಸಮಾಧಾನವಂತೆ. ನೀರು ಹೊರುವ, ತೊಳೆಯುವ ಕೆಲಸ ಮಾತ್ರ ಆಗದಂತೆ.

"ನೀವು ಇಬ್ಬರೂ ಸುಮ್ಮನ ಇದ್ರ್ಯಲ್ಲಾ," ಎಂದ. "ಯಾರಿಗೇನು ತ್ರಾಸಾತು?"

ಎಷ್ಟೋ ವರ್ಷಗಳಾದರೂ ಈ ಮಾತನ್ನು ನಾನು ಕ್ಷಮಿಸಿಲ್ಲ. ಅವನು ಅದನ್ನು ಕೆಟ್ಟತನದಿಂದ ಹೇಳಿರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ಆಕೆ ಬಂದಳು. ಆ ಸಲ ಕೀಲಿಕೈ ಬಳಸದೆ ಬೆಲ್ಲು ಒತ್ತಿದ್ದಳು. ಕಲ್ಲಿನ ಮೇಲೆ ಕೂತಿದ್ದ ಅನಿಮೋನಿಯನ್ನು, ಅದರ ಹರಿದ ಬದಿಯನ್ನು ಗಾಜಿಗೆ ಮುಖ ಹಚ್ಚಿ ನೋಡಿದಳು. ಯಾರು ಪಂಪು ಹಚ್ಚಿದ್ದು ಎಂದು ಕೇಳಿದಳು. ಹೇಳಿದೆ. ನನ್ನ ತೋಳಿನ ಮೇಲೆದ್ದ ದದ್ದನ್ನು ಒಮ್ಮೆ ನೋಡಿದಳು. ನೇರ ಅಡುಗೆಮನೆಗೆ ಹೋದಳು. ಗಂಡ ಚಹಾ ಕುಡಿಯುತ್ತಿದ್ದ.

"ನೆಲಮಹಡೀ ಮನೀ ಹುಡಕ್ತೇನಿ," ಎಂದಳು ಅವನಿಗೆ. "ಅಲ್ಲೀತನಕಾ ವಾರಾ ವಾರಾ ನಾ ಬರ್ತೇನಿ. ನೀ ಮನ್ಯಾಗ ಇರಬೇಕು. ನೀರು ನೀ ಹೊರಬೇಕು."

ಅವನು ನನ್ನ ಕಡೆ ನೋಡಿದ. ನಾನು ಒಲೆಯ ಕಡೆ ತಿರುಗಿದೆ.

ಮುಂದಿನ ಶನಿವಾರಗಳಲ್ಲಿ ಅವನು ಅಂಗಿಯ ತೋಳು ಮಡಚಿ ಬಕೆಟ್ಟು ಹೊತ್ತ. ಆಕೆ ಹೇಳುತ್ತಿದ್ದಳು, ಅವನು ಬಗ್ಗುತ್ತಿದ್ದ. ನೆಲದ ಮೇಲೆ ಚೆಲ್ಲಿದ್ದನ್ನು ಒರೆಸಲು ನಾನು ಬಟ್ಟೆ ಎಸೆಯುತ್ತಿದ್ದೆ, ಅವನ ಕಡೆಗೆ. ನಾವಿಬ್ಬರು ಹೆಂಗಸರು ಆಗಲೂ ಮಾತಾಡುತ್ತಿರಲಿಲ್ಲ. ಮೆಣಸಿನಕಾಯಿ ಹುರಿಯುವುದನ್ನು ಮಾತ್ರ ನಾನು ಭಾನುವಾರಕ್ಕೆ ಹಾಕಿದೆ.

ಬೇಸಿಗೆಯ ಹೊತ್ತಿಗೆ ವೆಂಬ್ಲಿಯಲ್ಲೇ ಆಕೆಗೆ ಕೆಳಗಿನ ಫ್ಲ್ಯಾಟು ಸಿಕ್ಕಿತು. ವ್ಯಾನು ತಂದು ತೊಟ್ಟಿ ಸಾಗಿಸಿದಳು. ಅನಿಮೋನಿ ಕಲ್ಲು ಬಿಡಲಿಲ್ಲವಾದ್ದರಿಂದ ಕಲ್ಲು ಸಮೇತ ಬಕೆಟ್ಟಿಗೆ ಇಳಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಕೂತಳು. ಹೋಗುವಾಗ ಹೋಗಿ ಬರುತ್ತೇನೆ ಎನ್ನಲಿಲ್ಲ. ನಾನೂ ಬಾಗಿಲವರೆಗೆ ಹೋಗಲಿಲ್ಲ.

ಆ ವಾರವೇ ಒಂದು ಸಂಜೆ ಫೋನು ಬಂತು. "ಅರಳೈತಿ. ಮೀನ ಒಳಗ ಹೊಕ್ಕಾವು," ಎಂದಳು ಆಕೆ.

"ಪಂಪಿಗೆ ಬಟ್ಟೀ ಕಟ್ಟೀರೇನು?"

"ಸ್ಪಂಜ ಕಟ್ಟೇನಿ."

ಇಟ್ಟುಬಿಟ್ಟಳು. ಯಾರ ಫೋನು ಎಂದು ಗಂಡ ಹೊರಗಿನಿಂದ ಕೇಳಿದ. ನಾನು ಹೇಳಲಿಲ್ಲ.