ಗೌರಿಯ ಹೆಸರಿಗೆ ಬಂದಿದ್ದ ಕಾಗದ

ಗೌರೀ, ನಿನ್ನ ಸಂದರ್ಶನದ ಕಾಗದ ಬಂದಿತ್ತು. ಬಂದಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಸಂದರ್ಶನಕ್ಕೆ ಹತ್ತು ದಿನ ಮೊದಲೇ ಬಂದು ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿ ಕೂತಿತ್ತು. ಈಗಲೂ ನನ್ನ ಹತ್ತಿರವೇ ಇದೆ.

ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಪ್ರತಿ ಸಲವೂ ಮೊದಲು ನನ್ನ ಕಷ್ಟಗಳನ್ನೇ ಬರೆಯುತ್ತಿದ್ದೆ — ಒಂಟಿ ಹೆಂಗಸು, ದಿನಕ್ಕೆ ಆರು ಮೈಲಿ ನಡಿಗೆ, ಮೇಲಿನವರ ಕಾಟ — ಬರೆಯುತ್ತಾ ಹೋದಂತೆ ತಪ್ಪು ಯಾರದ್ದೋ ಆಗಿಬಿಡುತ್ತಿತ್ತು. ಈ ಸಲ ಅದೆಲ್ಲ ಬೇಡ.

ಅರವತ್ತರ ದಶಕದ ನಡುಭಾಗ. ನಾನು ತೀರ್ಥಹಳ್ಳಿ ಕಡೆಯ ಗ್ರಾಮಸೇವಕಿ. ಕವಲೇದುರ್ಗದ ಬುಡದಲ್ಲಿದ್ದ ನಿಮ್ಮೂರಿನ ಶಾಲೆಯ ಜಗಲಿಯಲ್ಲಿ ಯುವತಿ ಮಂಡಲ ಶುರು ಮಾಡಿದವಳು ನಾನು, ನಿಜ. ನಡೆಸಿದವಳು ನೀನು. ನಾನು ವಾರಕ್ಕೊಮ್ಮೆ ಬಂದು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದೆ. ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆತರುವುದು, ಅವರ ಅತ್ತೆ, ಅಜ್ಜಿಯರ ಬಾಯಿ ಮುಚ್ಚಿಸುವುದು, ಹೊಗೆಯಿಲ್ಲದ ಒಲೆ ಹಾಕಿ ತೋರಿಸುವುದು — ಎಲ್ಲ ನಿನ್ನದೇ. ಒಲೆಯ ಹೊಗೆದಾರಿಗೆ ಬಾಳೆದಿಂಡು ಇಟ್ಟು, ಸುತ್ತ ಮಣ್ಣು ಮೆತ್ತಿ, ಒಣಗಿದ ಮೇಲೆ ದಿಂಡು ಎಳೆಯುವ ಉಪಾಯ ನಮ್ಮ ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನೀನು ಮನೆಯಲ್ಲಿ ತಿಳಿಸದೆ ಗ್ರಾಮಸೇವಕಿ ಕೆಲಸಕ್ಕೆ ಅರ್ಜಿ ಹಾಕಿದೆ. ವಿಳಾಸ ನನ್ನದು ಕೊಡು ಅಂದವಳು ನಾನೇ. ನಿಮ್ಮೂರಲ್ಲಿ ಮದುವೆಯಾಗದ ಹುಡುಗಿಗೆ ಕಾಗದ ಬಂದರೆ ಪೋಸ್ಟಿನವ ಮನೆ ಯಜಮಾನನ ಕೈಗೆ ಕೊಡುತ್ತಿದ್ದ, ಯಜಮಾನ ಅಂಗಳದಲ್ಲೇ ಒಡೆದು ಓದಿಸುತ್ತಿದ್ದ. ಅದಕ್ಕೇ ಮಂಡಲದ ಹುಡುಗಿಯರ ಕಾಗದಗಳೆಲ್ಲ ನನ್ನ ಕೇರಾಫಿಗೆ ಬರುತ್ತಿದ್ದವು. ನನ್ನ ಕೈಗೆ ಬಂದರೆ ನಿಮ್ಮ ಕೈಗೆ ಬಂದ ಹಾಗೆ ಅಂತ ನೀವೆಲ್ಲ ನಂಬಿದ್ದಿರಿ.

ಕಾಗದ ಬಂದ ವಾರವೇ ಆಫೀಸಿನಿಂದ ಇನ್ನೊಂದು ಹುಕುಂ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ — ಮೂರೂ ತಾಲ್ಲೂಕಿಗೆ ಹೊಸದಾಗಿ ಸೇರಿದ ಸಿಬ್ಬಂದಿಯನ್ನು ಜೀಪಿನಲ್ಲಿ ಕರೆತರುತ್ತಾರೆ, ಯುವತಿ ಮಂಡಲ ಹೇಗೆ ನಡೆಯುತ್ತದೆಂದು ನಾನು ಪರಿಚಯ ಮಾಡಿಕೊಡಬೇಕು, ಗುರುವಾರ. ನಿನ್ನ ಕಾಗದ ತೆಗೆದು ನೋಡಿದೆ. ಶಿವಮೊಗ್ಗದಲ್ಲಿ ಸಂದರ್ಶನ, ಬೆಳಿಗ್ಗೆ ಹತ್ತಕ್ಕೆ. ಅದೇ ಗುರುವಾರ.

ನೀನಿಲ್ಲದೆ ಆ ಮಂಡಲದಲ್ಲಿ ತೋರಿಸಲು ಏನಿತ್ತು? ಖಾಲಿ ಜಗಲಿ, ನನ್ನ ಸಹಿ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ಜೀಪು ಬರುವ ತಯಾರಿಗೆಂದು ಆ ದಿನಗಳಲ್ಲಿ ಮತ್ತೆ ಮತ್ತೆ ಬರಬೇಕಾಯಿತು; ಎರಡು ಸಲ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ನಿಮ್ಮೂರಿಗೆ ಬಂದೆ. ಮೂರನೇ ಸಲ ಟ್ರಂಕಿನಲ್ಲೇ ಬಿಟ್ಟು ಬಂದೆ. ಪ್ರತಿ ಸಲವೂ ನೀನು ಊರ ಬಾಗಿಲಿಗೇ ಬಂದು ಕೇಳುತ್ತಿದ್ದೆ.

"ಅಕ್ಕ, ಕಾಗ್ದ ಬಂತಾ?"

"ಇನ್ನೂ ಇಲ್ಲ ಕಣೆ."

ಗುರುವಾರ ಜೀಪು ಬಂತು. ಹೊಸಬರು ಒಂಬತ್ತು ಮಂದಿ, ಜೊತೆಗೆ ಸಾಹೇಬರು. ಮಂಡಲ ಕಟ್ಟಿದ ಕಥೆ ನಾನು ಹೇಳಿದೆ, ಚೆನ್ನಾಗಿಯೇ ಹೇಳಿದೆ. ಆಮೇಲೆ ನಿನ್ನನ್ನು ಮುಂದೆ ಕರೆದೆ. ಎರಡು ದಿನ ಮೊದಲು ಹಾಕಿಟ್ಟ ಒಲೆಯ ಮುಂದೆ ಕೂತು ನೀನು ಒಂದೊಂದಾಗಿ ವಿವರಿಸುತ್ತಿದ್ದೆ, ಹೊಸಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಿನಗೆ ಸಿಗಬೇಕಿದ್ದ ಕೆಲಸವನ್ನು ಅವರು ನಿನ್ನಿಂದಲೇ ಕಲಿಯುತ್ತಿದ್ದರು.

ಹೊಸನಗರದ ಕಡೆಗೆ ಸೇರಿದ ಹುಡುಗಿಯೊಬ್ಬಳು ಕೇಳಿದಳು. "ಇಷ್ಟು ಚೆನ್ನಾಗಿ ಹೇಳ್ಕೊಡ್ತೀಯಲ್ಲ, ನೀನ್ಯಾಕೆ ಅರ್ಜಿ ಹಾಕ್ಲಿಲ್ಲ? ಇವತ್ತೇ ಶಿವಮೊಗ್ಗದಲ್ಲಿ ಸಂದರ್ಶನ ನಡೀತಿದೆ."

ನೀನು ನನ್ನ ಕಡೆ ನೋಡಿದೆ. ಸಂಶಯದಿಂದಲ್ಲ. ಅಕ್ಕನಿಗೆ ಗೊತ್ತಿರುತ್ತದೆ ಅಂತ ನೋಡಿದೆ, ಅಷ್ಟೇ. ನಾನು ಹೇಳಿದೆ —

"ನಿನ್ನ ಹೆಸರು ಬಂದಿರಲಿಕ್ಕಿಲ್ಲ ಗೌರಿ. ಎಲ್ಲರ ಹೆಸರೂ ಬರಲ್ಲ."

"ಹೌದೇನೋ ಅಕ್ಕ" ಅಂದೆ ನೀನು. ಆಮೇಲೆ ಅವರಿಗೆ, "ದಿಂಡನ್ನ ನಿಧಾನ ತಿರುಗಿಸ್ತಾ ಎಳೀಬೇಕು, ಇಲ್ದಿದ್ರೆ ಒಲೆ ಬಿರುಕು ಬಿಡ್ತದೆ" ಅಂತ ಎಳೆದು ತೋರಿಸಿದೆ. ಒಲೆ ಬಿರುಕು ಬಿಡಲಿಲ್ಲ. ಸಾಹೇಬರು ನನ್ನನ್ನು ಹೊಗಳಿದರು.

ಮರುವರ್ಷ ಅರ್ಜಿ ಕರೆದಾಗ ಫಾರಂ ನಾನೇ ತಂದೆ. ಸರಿಮಾಡಿಬಿಡಬಹುದು ಅಂತ... ನೀನು ಮುಟ್ಟಲಿಲ್ಲ. "ಬ್ಯಾಡ ಅಕ್ಕ. ನಂಗೆ ಅಷ್ಟು ತಿಳುವಳ್ಕೆ ಇಲ್ಲ ಅಂತ ಅವ್ರಿಗೇ ಗೊತ್ತಾಯ್ತಲ್ಲ." ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡೆ. ಮೊದಲನೆಯದನ್ನು ಭಯದಲ್ಲಿ ಮಾಡಿದೆ ಅಂತಾದರೂ ಹೇಳಬಹುದು. ಇದನ್ನು ತಿಳಿದೂ ತಿಳಿದೂ ಮಾಡಿದೆ. ಆ ಬೇಸಿಗೆಯಲ್ಲೇ ನಿನ್ನನ್ನು ಹುಲಿಕಲ್ಲಿಗೆ ಮದುವೆ ಮಾಡಿಕೊಟ್ಟರು.

ನನಗೆ ಬಡ್ತಿ ಸಿಕ್ಕಿತು. ಆಮೇಲೆ ಹೊಸಬರು ಬಂದಾಗಲೆಲ್ಲ ಪರಿಚಯ ಮಾಡಿಸುವ ಕೆಲಸ ನನ್ನದೇ. ಬಾಳೆದಿಂಡಿನ ಒಲೆ ಹಾಕುತ್ತಿದ್ದ ಹುಡುಗಿಯೊಬ್ಬಳ ಕಥೆ ಪ್ರತಿ ಸಲ ಹೇಳುತ್ತಿದ್ದೆ. ಅವಳು ಈಗೆಲ್ಲಿ ಅಂತ ಯಾರಾದರೂ ಕೇಳಿದರೆ ಮದುವೆಯಾಯಿತು ಅನ್ನುತ್ತಿದ್ದೆ. ಹಾಗೆ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಈಗಲೂ ಅಳು ಬರುತ್ತಿಲ್ಲ. ಬಂದಿದ್ದರೆ ನನಗೇ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಹೋದ ವಾರ ನಿನ್ನ ಮಗಳು ಬಂದಿದ್ದಳು. ತೀರ್ಥಹಳ್ಳಿಯಲ್ಲಿ ಕಾಲೇಜು ಮುಗಿಸಿದಳಂತೆ, ಊರಿಗೆ ಹೋಗುವ ಮುಂಚೆ ಅಕ್ಕನನ್ನು ನೋಡಿಕೊಂಡು ಬಾ ಅಂತ ನೀನು ಹೇಳಿದ್ದೆಯಂತೆ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದೆಯಾ ಅಂತ ಕೇಳಿದೆ. ತಲೆ ತಗ್ಗಿಸಿ ಹೇಳಿದಳು.

"ಅವ್ವ ಬ್ಯಾಡ ಅಂತಾಳೆ. ನಮ್ಮಂಥವ್ರ ಹೆಸ್ರು ಅದ್ರಲ್ಲೆಲ್ಲ ಬರಲ್ಲ ಅಂತೆ."

ನಾನು ಹೇಳಿದ ಮಾತು, ಗೌರಿ. ನಿನ್ನ ಮಗಳ ಬಾಯಲ್ಲಿ.

ಆ ಟ್ರೈನಿಂಗಿಗೆ ಅರ್ಜಿ ಹಾಕಲು ಇನ್ನು ನಾಲ್ಕು ದಿನ ಇದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹುಲಿಕಲ್ಲಿಗೆ ಬರುತ್ತೇನೆ. ಬಾಯಲ್ಲಿ ಹೇಳಲು ಹೊರಟರೆ ಮತ್ತೆ ಸುಳ್ಳು ಬಂದೀತು ಅಂತ ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಕಾಗದವನ್ನು ಟ್ರಂಕಿನಿಂದ ತೆಗೆದು ಚೀಲಕ್ಕೆ ಹಾಕಿದ್ದೇನೆ. ನೀನು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ನಿನ್ನ ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ನಿನ್ನ ಹೆಸರು ಬಂದಿತ್ತು. ಮೂರನೇ ಸಾಲಿನಲ್ಲಿ, ನಿನ್ನಪ್ಪನ ಹೆಸರಿನ ಸಮೇತ.