ಅಪ್ಪನ ಕಿವಿಗೆ ಮರಳಿದ ಹಾರ್ಮೋನಿಯಂ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ತಾತ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಜಾಗದಲ್ಲಿ ಅಪ್ಪ ಹಾರ್ಮೋನಿಯಂ ರಿಪೇರಿಗೆ ಕೂತಿದ್ದರು. ಭಜನೆಯವರು, ಬಯಲಾಟದವರು ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಅಪ್ಪ ಒಳಗಿನ ಹಿತ್ತಾಳೆಯ ನಾಲಿಗೆಗಳನ್ನು ಬಿಚ್ಚಿ, ಅರದಿಂದ ಚೂರು ಉಜ್ಜಿ, ನುಡಿಸಿ ಕೇಳಿ, ಮತ್ತೆ ಉಜ್ಜುತ್ತಿದ್ದರು. ಬೀದಿಯ ಆಟೋಗಳ ಹಾರನ್ನಾಗಲಿ, ಪಕ್ಕದ ವೆಲ್ಡಿಂಗ್ ಅಂಗಡಿಯಾಗಲಿ ಅವರಿಗೆ ಅಡ್ಡ ಬಂದದ್ದಿಲ್ಲ. ಬಯಲಾಟದ ದಿನಗಳು ಬಂದರೆ ಕುರುಗೋಡಿನ ಒಂದು ಮೇಳಕ್ಕೆ ಹಾರ್ಮೋನಿಯಂ ನುಡಿಸಲು ಹೋಗುತ್ತಿದ್ದರು. ಅಲ್ಲಿಂದ ಬಂದ ಮೇಲೆ ವಾರವಿಡೀ ಅವರ ಬಾಯಲ್ಲಿ ಅದೇ ಮಾತು.

ಅವರ ಕಿವಿ ಮಂದವಾಗುತ್ತಿರುವುದು ಮೊದಲು ಅಮ್ಮನಿಗೆ ಗೊತ್ತಾಯಿತು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಕಿವಿಗೆ ಮಿಷನ್ನು ಹಾಕಿ ಕಳಿಸಿದರು. ಮನೆಗೆ ಬಂದ ಅಪ್ಪ ಕುಕ್ಕರಿನ ಸೀಟಿ, ಅಮ್ಮನ ಬೈಗುಳ, ಮಸೀದಿಯ ಅಜಾನ್ ಎಲ್ಲ ಕೇಳುತ್ತಿದೆಯೆಂದು ಮಗುವಿನ ಹಾಗೆ ಹಿಗ್ಗಿದರು. ಮರುದಿನ ಬೆಳಿಗ್ಗೆ ನಮಾಜು ಮುಗಿಸಿ ಹಾರ್ಮೋನಿಯಂ ಮುಂದೆ ಕೂತರು. ಸ್ವರದ ಒಂದು ಮನೆಯನ್ನು ಬೆರಳಿನಿಂದ ಒತ್ತಿ ಹಿಡಿದರು. ಬಿಟ್ಟರು. ಮತ್ತೆ ಒತ್ತಿದರು. ಆಮೇಲೆ ಪೆಟ್ಟಿಗೆ ಬಿಚ್ಚತೊಡಗಿದರು.

ಸ್ವರ ನಿಲ್ಲುತ್ತಿಲ್ಲ, ನಡುಗುತ್ತಿದೆ ಎಂಬುದು ಅವರ ದೂರು. ನನಗೂ ಅಮ್ಮನಿಗೂ ಸ್ವರ ಸರಿಯಾಗಿಯೇ ಕೇಳುತ್ತಿತ್ತು. ಅವರು ಇನ್ನೊಂದು ಪೆಟ್ಟಿಗೆ ತೆಗೆದರು, ಮತ್ತೊಂದು ತೆಗೆದರು. ಎಲ್ಲವೂ ನಡುಗುತ್ತಿದ್ದವು. ಆಸ್ಪತ್ರೆಯಲ್ಲಿ ಕೇಳಿದರೆ, ಮಾತು ಚೆನ್ನಾಗಿ ಕೇಳುತ್ತಿದೆಯಲ್ಲ, ಸಂಗೀತ ಹೀಗೇ, ವಯಸ್ಸಾದ ಮೇಲೆ ರೂಢಿ ಮಾಡಿಕೊಳ್ಳಬೇಕು ಎಂದು ಸಮಾಧಾನ ಹೇಳಿದರು. ಅಪ್ಪ ಮನೆಗೆ ಬಂದು ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿದರು.

“ಕೆಟ್ಟಿದ್ದು ಪೆಟ್ಟಿಗಿ ಅಲ್ಲವ್ವ,” ಎಂದರು. “ನನ್ನ ತಲಿ ಒಳಗ ಏನೋ ಕೆಟ್ಟೈತಿ.”

ಕುರುಗೋಡಿನವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿಕಳಿಸಿದರು.

ನಾನಾಗ ಬಳ್ಳಾರಿಯಲ್ಲೇ ಕಂಪ್ಯೂಟರ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸಂತೆಯ ಗದ್ದಲದೊಳಗಿಂದ ಒಬ್ಬರ ಮಾತನ್ನು ಮಾತ್ರ ಬೇರ್ಪಡಿಸುವುದು ನನ್ನ ವಿಷಯ. ಅಪ್ಪನ ಮಾತು ನನ್ನನ್ನು ಬಿಡಲಿಲ್ಲ. ಮಾತು ನೆಟ್ಟಗೆ ಕೇಳಿ ಸ್ವರ ಮಾತ್ರ ನಡುಗುವುದೆಂದರೆ ಏನು? ಒಂದು ದಿನ ಅವರ ಮಿಷನ್ನನ್ನೂ ಒಂದು ಹಾರ್ಮೋನಿಯಮ್ಮನ್ನೂ ಲ್ಯಾಬಿಗೆ ಹೊತ್ತುಕೊಂಡು ಹೋದೆ. ಮಿಷನ್ನಿನ ತುದಿಯನ್ನು ಸಣ್ಣ ಮೈಕಿಗೆ ಅಂಟಿಸಿ, ಅದು ಕಿವಿಯೊಳಗೆ ಬಿಡುವ ಸದ್ದನ್ನು ರೆಕಾರ್ಡ್ ಮಾಡಿದೆ. ಪಕ್ಕದಲ್ಲಿ ಇನ್ನೊಂದು ಮೈಕು ಹಾರ್ಮೋನಿಯಮ್ಮಿನ ಸದ್ದನ್ನು ನೇರವಾಗಿ ಹಿಡಿಯಿತು. ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಹೋಗಿತ್ತು. ಮಿಷನ್ನಿನಿಂದ ಬಂದ ಗೆರೆ ಹಾವಿನಂತೆ ತೊನೆಯುತ್ತಿತ್ತು.

ಲ್ಯಾಪ್‌ಟಾಪು ಎದೆಗವಚಿಕೊಂಡು ಆಟೋ ಹತ್ತಿದೆ. ಮನೆಯಲ್ಲಿ ಅಪ್ಪನ ಕಿವಿಗೆ ಮಿಷನ್ನು ಹಾಕಿ, ಎರಡೂ ಗೆರೆ ತೋರಿಸಿದೆ.

“ಇದು ಪೆಟ್ಟಿಗಿ ಸ್ವರ, ಇದು ಮಿಷನ್ನಿಂದ ಬಂದಿದ್ದು. ನಡಗೋದು ಮಿಷನ್ನು ಅಪ್ಪ. ನಿನ್ನ ತಲ್ಯಾಗ ಏನೂ ಕೆಟ್ಟಿಲ್ಲ.”

ಅವರು ಬೆರಳಿನಿಂದ ಆ ಡೊಂಕು ಗೆರೆಯನ್ನು ಸವರಿ ನೋಡಿದರು. “ಅಂದ್ರ ನಾ ಕೇಳಿದ್ದು ಖರೇನ ಐತಿ,” ಎಂದರು. ಆ ಸಂಜೆ ಅಮ್ಮ ಶಾವಿಗೆ ಪಾಯಸ ಮಾಡಿದಳು.

ಕಾರಣ ಹುಡುಕಲು ಹೆಚ್ಚು ದಿನ ಹಿಡಿಯಲಿಲ್ಲ. ಇಂಥ ಮಿಷನ್ನಿನ ಸದ್ದು ಹೊರಗೆ ಸೋರಿ ಅದರ ಮೈಕಿಗೇ ಮರಳಿ ಹೊಕ್ಕರೆ ಕುಯ್ಯೆಂದು ಸೀಟಿ ಹೊಡೆಯುತ್ತದೆ. ಅದನ್ನು ತಡೆಯಲು ಒಳಗೊಂದು ಪ್ರೋಗ್ರಾಂ ಇರುತ್ತದೆ. ಯಾವ ಸದ್ದು ಒಂದೇ ಸಮನೆ ನಿಲ್ಲುತ್ತದೋ ಅದು ಸೀಟಿಯೇ ಎಂದು ಅದರ ಅನುಮಾನ. ಮಾತು ಒಂದೇ ಮಟ್ಟದಲ್ಲಿ ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ಪಾರಾಗುತ್ತದೆ. ಹಾರ್ಮೋನಿಯಮ್ಮಿನ ಸ್ವರ ಕದಲದೆ ನಿಲ್ಲುತ್ತದೆ; ಪ್ರೋಗ್ರಾಂ ಅದನ್ನು ಅಳಿಸಲು ಹೋಗಿ ಅಲುಗಾಡಿಸುತ್ತದೆ.

ವಿಷಯ ಬದಲಿಸುತ್ತೇನೆ ಎಂದಾಗ ನನ್ನ ಮಾರ್ಗದರ್ಶಕಿ ಒಪ್ಪಲಿಲ್ಲ. ಮಾಡಿದ ಕೆಲಸವೆಲ್ಲ ನೀರುಪಾಲಾಗುತ್ತದೆ ಎಂಬ ಚಿಂತೆ ಅವರಿಗೆ. ರೆಕಾರ್ಡಿಂಗನ್ನು ಎರಡು ಸಲ ಕೇಳಿದ ಮೇಲೆ ಒಪ್ಪಿದರು, ಆದರೆ ನಿಮ್ಮ ತಂದೆಯ ಕಿವಿಯೊಂದನ್ನೇ ನಂಬಿ ಸಂಶೋಧನೆ ಮಾಡಲಾಗದು, ಬೇರೆ ಕಿವಿಗಳನ್ನೂ ತನ್ನಿ ಎಂದರು.

ಆ ಕಿವಿಗಳು ಸಿರುಗುಪ್ಪದಲ್ಲಿ ಸಿಕ್ಕವು. ಅಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಅವಳ ಓಣಿಯ ತುಂಬ ರೈಸ್‌ಮಿಲ್ಲುಗಳಲ್ಲಿ ದುಡಿದವರು. ಮಿಲ್ಲಿನ ಸದ್ದಿಗೆ ಕಿವಿ ಕಳೆದುಕೊಂಡವರು ಬಹಳ ಮಂದಿ. ಅವರಲ್ಲೇ ಕೆಲವರು ಸಂಜೆ ಭಜನೆಗೆ ಕೂಡುತ್ತಿದ್ದರು. ಕೇಳಿದರೆ ಎಲ್ಲರದೂ ಅದೇ ಕಥೆ. ಸ್ವರ ನಡುಗುತ್ತದೆಂದು ಮಿಷನ್ನು ಬಿಚ್ಚಿಟ್ಟು ಹಾಡುತ್ತಿದ್ದರು. ತನಗೊಬ್ಬನಿಗೇ ಹೀಗೆ ಎಂದುಕೊಂಡು ಯಾರೂ ಬಾಯಿಬಿಟ್ಟಿರಲಿಲ್ಲ.

ನಾನು ಬರೆದ ಮೊದಲ ಪ್ರೋಗ್ರಾಂ ಮಾನ ಕಳೆಯಿತು. ಅದು ಸ್ವರದ ಜೊತೆ ನಿಜವಾದ ಸೀಟಿಯನ್ನೂ ಒಳಗೆ ಬಿಟ್ಟಿತು. ಸಿರುಗುಪ್ಪದ ಭಜನೆಯ ಹಿರಿಯರೊಬ್ಬರು ಅದನ್ನು ತುಂಬಿದ ಮಿಷನ್ನನ್ನು ಕಿವಿಯಿಂದ ಕಿತ್ತು ಚಾಪೆಯ ಮೇಲಿಟ್ಟು, “ಇದಕ್ಕಿಂತ ಕಿವುಡಾಗಿರೋದ ಚಲೋ ನೋಡವ್ವ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನಾದರೂ ಬಳ್ಳಾರಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಆಮೇಲಿನ ತಿಂಗಳುಗಳೆಲ್ಲ ಒಂದೇ ಪ್ರಶ್ನೆಯಲ್ಲಿ ಕಳೆದವು: ಸೀಟಿಗೂ ಸ್ವರಕ್ಕೂ ಏನು ವ್ಯತ್ಯಾಸ? ಅಪ್ಪ ನುಡಿಸುತ್ತ ಹೋದರು, ನಾನು ರೆಕಾರ್ಡ್ ಮಾಡುತ್ತ ಹೋದೆ. ಸೀಟಿ ಒಂಟಿ, ಅದು ಒಂದೇ ಗೆರೆ. ಹಾರ್ಮೋನಿಯಮ್ಮಿನ ಒಂದು ಸ್ವರದ ಮೇಲೆ ಅದರದೇ ಸಣ್ಣ ಸಣ್ಣ ಸ್ವರಗಳು ಮೆಟ್ಟಿಲಿನಂತೆ ಏರಿರುತ್ತವೆ. ಅಪ್ಪ ತಿದಿ ಒತ್ತಿದಾಗ ಆ ಮೆಟ್ಟಿಲುಗಳೆಲ್ಲ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಇಳಿಯುತ್ತವೆ. ಪರದೆಯ ಮೇಲೆ ಅದನ್ನು ಕಂಡ ಮಧ್ಯಾಹ್ನ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತೆ. ಒಟ್ಟಿಗೆ ಉಸಿರಾಡುವುದನ್ನು ಒಳಗೆ ಬಿಡು, ಒಂಟಿಯಾಗಿ ಕೂಗುವುದನ್ನು ತಡೆ ಎಂದು ಕಂಪ್ಯೂಟರಿಗೆ ಕಲಿಸಿದೆ.

ಹೊಸ ಪ್ರೋಗ್ರಾಮನ್ನು ಸಣ್ಣದೊಂದು ಕಂಪ್ಯೂಟರ್ ಬೋರ್ಡಿಗೆ ಹಾಕಿ, ಎಲೆಯಡಿಕೆಯ ಸಂಚಿಯಂಥ ಚೀಲದಲ್ಲಿಟ್ಟು, ಸೊಂಟಕ್ಕೆ ಕಟ್ಟುವಂತೆ ಮಾಡಿದೆ. ಅದರಿಂದ ಕಿವಿಗೆ ತಂತಿ. ಸಿರುಗುಪ್ಪದ ಎರಡನೆಯ ಪರೀಕ್ಷೆಗೆ ಮಾರ್ಗದರ್ಶಕಿಯೂ ಬಂದರು. ಬೋರ್ಡಿನೊಳಗೆ ಮಾಮೂಲಿ ಮಿಷನ್ನಿನ ಬಗೆಯ ಪ್ರೋಗ್ರಾಮೂ ಇತ್ತು, ನನ್ನದೂ ಇತ್ತು. ಯಾವಾಗ ಯಾವುದು ಎಂಬುದನ್ನು ಕಂಪ್ಯೂಟರೇ ಚೀಟಿ ಎತ್ತಿದಂತೆ ಆರಿಸುತ್ತಿತ್ತು. ಕೇಳುವವರಿಗಾಗಲಿ ನನಗಾಗಲಿ ಗೊತ್ತಾಗುವಂತಿರಲಿಲ್ಲ. ಅವರು ಹೇಳಬೇಕಾದದ್ದು ಇಷ್ಟೇ: ಸ್ವರ ನಿಂತಿದೆಯೋ, ನಡುಗುತ್ತಿದೆಯೋ. ಮಿಷನ್ನು ಕಿತ್ತಿಟ್ಟಿದ್ದ ಹಿರಿಯರು ಮೊದಲು ಕೂತರು. ಒಂದು ಸ್ವರ ಕೇಳಿ ಕಣ್ಣು ಮುಚ್ಚಿದರು.

“ನಿಂತೈತಿ,” ಎಂದರು. “ಕಂಬ ನಿಂತಂಗ ನಿಂತೈತಿ.”

ಕೊನೆಗೆ ಉತ್ತರಗಳನ್ನು ತೆರೆದು ನೋಡಿದರೆ ನಿಂತಿದೆ ಎಂದದ್ದೆಲ್ಲ ಹೆಚ್ಚುಕಡಿಮೆ ನನ್ನದಾಗಿತ್ತು. ಮಾರ್ಗದರ್ಶಕಿ ನನ್ನ ಕೈ ಗಟ್ಟಿಯಾಗಿ ಹಿಡಿದರು. ಆ ಸಂಜೆ ಭಜನೆಯವರು ಸಂಚಿಯನ್ನು ಬಿಚ್ಚಿಕೊಡಲು ಒಪ್ಪಲಿಲ್ಲ. ಸರದಿಯಲ್ಲಿ ಕಟ್ಟಿಕೊಂಡು ಹಾಡಿದರು.

ಡಾಕ್ಟರೇಟು ಬಂತು, ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟೆವು. ಆದರೆ ನನ್ನ ಪಾಲಿನ ಗೆಲುವು ಕುರುಗೋಡಿನಲ್ಲಿ ಕಾದಿತ್ತು. ಮೇಳದವರು ಹೊಸ ಆಟದ ತಾಲೀಮಿಗೆ ಅಪ್ಪನನ್ನು ಕರೆದರು. ಬೆಳಿಗ್ಗೆ ಸಮುದಾಯ ಭವನದಲ್ಲಿ ಅಪ್ಪ ಸೊಂಟಕ್ಕೆ ಸಂಚಿ ಬಿಗಿದುಕೊಂಡು ಕೂತರು. ಮೊದಲರ್ಧ ಗಂಟೆ ಎಲ್ಲರೂ ಅವರ ಕಿವಿಯ ತಂತಿಯನ್ನೇ ನೋಡುತ್ತಿದ್ದರು. ರಾಜನ ಪಾತ್ರದವರು ದೊಡ್ಡ ದನಿ ತೆಗೆದು ಪದ ಎತ್ತಿದರು. ಅಪ್ಪ ಎರಡು ಸಾಲು ನುಡಿಸಿ ಕೈ ನಿಲ್ಲಿಸಿಬಿಟ್ಟರು. ಸ್ವರ ಮತ್ತೆ ನಡುಗಿತೇ ಎಂದು ನಾನು ಎದ್ದು ನಿಂತೆ.

“ಶ್ರುತಿ ಇಳದೈತಿ ರಾಜರ,” ಎಂದರು ಅಪ್ಪ, ಒಂದು ಸ್ವರ ಒತ್ತಿ ಹಿಡಿದು. “ಇಲ್ಲಿ ಬರ್ರಿ.”

ರಾಜ ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು, ದನಿಯನ್ನು ಮೇಲೆತ್ತಿದರು. ಎರಡೂ ಒಂದಾದಾಗ ಇಡೀ ಭವನಕ್ಕೆ ಗೊತ್ತಾಯಿತು. ಮದ್ದಲೆಯವರು ಯಾರೂ ಹೇಳದೆಯೇ ಬಡಿಯತೊಡಗಿದರು. ಅಪ್ಪ ನನ್ನ ಕಡೆ ನೋಡಲೂ ಇಲ್ಲ, ಅವರಿಗೆ ಪುರುಸೊತ್ತಿರಲಿಲ್ಲ. ಮುಂದಿನ ಪದಕ್ಕೆ ಯಾವ ಮನೆಯಿಂದ ಶ್ರುತಿ ಹಿಡಿಯಬೇಕೆಂದು ರಾಜನ ಜೊತೆ ಆಗಲೇ ಜಗಳಕ್ಕೆ ಬಿದ್ದಿದ್ದರು.